ಕೆಲಸದ ನಕ್ಷೆ, ಸೇವೆಯ ಹೊಣೆ
(ದ್ವಾರಕಾ ನಗರದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಉದ್ಯೋಗಕ್ಕಾಗಿ ನಾವು ಈ ಕಡಲ ತೀರಕ್ಕೆ ಬಂದಿದ್ದರೂ ನಮ್ಮಲ್ಲಿ ಅನೇಕರ ಹೊಲ, ಪಾಲು, ಪಹಣಿಗಳು ಊರಿನಲ್ಲಿಯೇ ಇವೆ. ಆದುದರಿಂದ ಕಚೇರಿಯ ಕೆಲಸವನ್ನು ಗಣಕಯಂತ್ರಗಳಿಗೆ ಹಂಚುವ ವಿದ್ಯೆ ನಮಗೆ ಸಂಬಂಧಿಸದ ವಿಷಯವೇನಲ್ಲ.

ಕರ್ನಾಟಕದಲ್ಲಿ ಜಮೀನಿನ ಕ್ರಯಪತ್ರ ‘ಕಾವೇರಿ’ ತಂತ್ರಾಂಶದಲ್ಲಿ ನೋಂದಣಿಯಾಗುತ್ತದೆ. ಪಹಣಿ ಇರುವುದು ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ. ನೋಂದಣಿಯಾದೊಡನೆ ಕಾವೇರಿಯು ಗೊತ್ತುಪಡಿಸಿದ ನಮೂನೆಯಲ್ಲಿ ಭೂಮಿಗೆ ವಿವರ ಕಳುಹಿಸುತ್ತದೆ; ಅಲ್ಲಿ ಖಾತೆ ಬದಲಾವಣೆಯ ಕೆಲಸ ಮೊದಲಾಗುತ್ತದೆ. ಒಂದರ ಒಳರಚನೆ ಇನ್ನೊಂದಕ್ಕೆ ತಿಳಿಯಬೇಕಿಲ್ಲ. ಒಪ್ಪಿದ ನಮೂನೆಯೊಂದಿದ್ದರೆ ಸಾಕು. ಸೇವಾಧಾರಿತ ರಚನೆಯ ತಿರುಳು ಇದೇ.

ವಿವರ ತಲುಪಿದ ಮೇಲೆ ಯಾರು, ಎಷ್ಟು ದಿನದಲ್ಲಿ, ಏನು ಮಾಡಬೇಕು? ಅದಕ್ಕೆ ಕೆಲಸದ ನಕ್ಷೆ ಬೇಕು. 2004ರಲ್ಲಿ ಹೊರಬಂದ ‘ಬಿಪಿಎಂಎನ್’ ಎಂಬ ಚಿತ್ರಲಿಪಿ 2013ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ವೃತ್ತವು ಆರಂಭ, ಮೂಲೆ ದುಂಡಾದ ಚೌಕವು ಕೆಲಸ, ವಜ್ರಾಕೃತಿಯು ದಾರಿ ಕವಲೊಡೆಯುವ ಸ್ಥಳ. ಇದನ್ನು ಬರೆಯಲು ‘ಕಮುಂಡಾ ಮಾಡೆಲರ್’ ಬೆಲೆಯಿಲ್ಲದೆ ದೊರೆಯುತ್ತದೆ; ಸೀಸದ ಕಡ್ಡಿಯಾದರೂ ಆದೀತು.

ಆದರೆ ಉಪಕರಣಕ್ಕಿಂತ ಹೊಣೆ ದೊಡ್ಡದು. 2012ರಲ್ಲಿ ಜಾರಿಗೆ ಬಂದ ‘ಸಕಾಲ’ವು ಪಟ್ಟಿಯಲ್ಲಿನ ಪ್ರತಿ ಸೇವೆಗೂ ಗಡುವು ಹಾಕಿತು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರ ಕೇಳುವ ಹಕ್ಕನ್ನಿತ್ತಿತು. ಹೊಣೆಗಾರರಿಲ್ಲದ ಚೌಕ ನಕ್ಷೆಯಲ್ಲಿ ಒಂದಿದ್ದರೂ ಅರ್ಜಿ ಅಲ್ಲಿಯೇ ಮಲಗುತ್ತದೆ.

ಈ ವಿದ್ಯೆಯಲ್ಲಿ ದುಡಿಯುವ ನಮ್ಮ ತರುಣ ತರುಣಿಯರು ನಕ್ಷೆ ಬರೆಯುವಾಗ, ರಜೆ ಹಾಕಿ, ರೈಲು ಹತ್ತಿ, ತಾಲ್ಲೂಕು ಕಚೇರಿಯ ಮುಂದೆ ನಿಲ್ಲುವ ಪರಸ್ಥಳದ ಕನ್ನಡಿಗನನ್ನು ನೆನೆಯಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.