ವಯಸ್ಸಿನ ಲೆಕ್ಕ ಮತ್ತು ಪಿಂಚಣಿ
(ಇಟಿಕ್ಯಾಲದ ಬೆಳೆಗಾರರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಇಂದು ತಳಿ, ಗೊಬ್ಬರಗಳ ಮಾತು ಬೇಡ. ಕಳೆದ ಹಂಗಾಮಿನಲ್ಲಿ 54 ವರ್ಷದ ಸದಸ್ಯರೊಬ್ಬರು ತೂಕದ ಚೀಟಿ ಹಿಡಿದು ನಿಂತಲ್ಲೇ ಕೇಳಿದರು: "ಸಾಹೇಬ್ರ, ಆಧಾರದಾಗ ಐದು ವರ್ಷ ಹೆಚ್ಚಿಗಿ ಬರೆಸಿದ್ರ ಪಿಂಚಣಿ ಲಗೂನ ಬರ್ತದಂತ. ಬರೆಸ್ಲೇನು?"

ಬೇಡವೆಂದೆ. ಅದು ಸುಳ್ಳು, ಅಪರಾಧ; ಆ ಮಾತು ಹಾಗಿರಲಿ. ನಷ್ಟವನ್ನೇ ನೋಡೋಣ. ತೆಲಂಗಾಣದಲ್ಲಿ 2018ರಲ್ಲಿ ಆರಂಭವಾದ ರೈತು ಬೀಮಾ 18ರಿಂದ 59 ವರ್ಷದವರೆಗಿನ ಪಟ್ಟಾದಾರ ರೈತರಿಗೆ ಮಾತ್ರ. ರೈತ ಯಾವ ಕಾರಣದಿಂದ ತೀರಿಕೊಂಡರೂ ನಾಮಿನಿಗೆ 5 ಲಕ್ಷ ರೂಪಾಯಿ, ಕಂತು ಸರ್ಕಾರದ್ದು. ವಯಸ್ಸಿಗೆ ಆಧಾರ್ ಕಾರ್ಡೇ ಪ್ರಮಾಣ. ಐದು ವರ್ಷ ಏರಿಸಿದರೆ ಈ ರಕ್ಷಣೆಯೂ ಐದು ವರ್ಷ ಮೊದಲೇ ಮುಗಿಯುತ್ತದೆ. ಆ ನಡುವೆ ಏನಾದರೂ ಆದರೆ ಮನೆಯವರ ಗತಿ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಟಿ ಮಡಚಿಕೊಂಡು ಹೋದರು.

ಕಿರಿಯರ ಲೆಕ್ಕ ಬೇರೆ. 2019ರ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಗೆ 18ರಿಂದ 40 ವರ್ಷದೊಳಗಿನ, ಎರಡು ಹೆಕ್ಟೇರ್ ಅಂದರೆ ಸುಮಾರು ಐದು ಎಕರೆವರೆಗಿನ ರೈತರು ಸೇರಬಹುದು. ತಿಂಗಳಿಗೆ 18ರವರು 55, 40ರವರು 200 ರೂಪಾಯಿ ಕಟ್ಟಬೇಕು. ಅಷ್ಟೇ ಹಣವನ್ನು ಕೇಂದ್ರ ಸರ್ಕಾರವೂ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000. ನಲವತ್ತರಲ್ಲಿ ಸೇರಿದವನು ಇಪ್ಪತ್ತು ವರ್ಷದಲ್ಲಿ ಕಟ್ಟುವುದು 48,000. ಹದಿನಾರು ತಿಂಗಳಲ್ಲಿ ಅದು ಕೈಗೆ ಬರುತ್ತದೆ.

ಆದರೆ ಒಂದು ಮಾತು ಗಮನಿಸಿರಿ. ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ 1,500. ಆಮೇಲೆ ಮಕ್ಕಳಿಗೆ ಏನೂ ಇಲ್ಲ. 2015ರ ಅಟಲ್ ಪಿಂಚಣಿಯಲ್ಲಿ ಇದೇ 3,000ಕ್ಕೆ ನಲವತ್ತರವನು ತಿಂಗಳಿಗೆ 873 ಕಟ್ಟಬೇಕು. ಅಲ್ಲಿ ಹೆಂಡತಿಗೆ ಪೂರ್ತಿ ಪಿಂಚಣಿ, ಇಬ್ಬರ ನಂತರ ನಾಮಿನಿಗೆ 5.1 ಲಕ್ಷ. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ನೋಡುವ ಸಣ್ಣ ಹಿಡುವಳಿದಾರನಿಗೆ ತಿಂಗಳ 873 ಭಾರವೇ. ಅಂಥವನಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಅದರ ಕಂತನ್ನು ಪಿಎಂ ಕಿಸಾನ್ ಹಣದಿಂದಲೇ ಕಡಿಸಿಕೊಳ್ಳಬಹುದು. ಭವಿಷ್ಯನಿಧಿ ಕಡಿತವಾಗುತ್ತಿರುವ ನೌಕರಿಯವರಿಗೆ ಅದರಲ್ಲಿ ಪ್ರವೇಶವಿಲ್ಲ.

ನಲವತ್ತು ದಾಟಿದ ಮೇಲೆ ಎರಡರ ಬಾಗಿಲೂ ಮುಚ್ಚುತ್ತದೆ. ಮನೆಯಲ್ಲಿ 38, 39ರ ಮಗನಿದ್ದರೆ ಕಟಾವು ಮುಗಿಯಲಿ ಎಂದು ಕಾಯಬೇಡಿರಿ. ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಪಟ್ಟಾ ಪುಸ್ತಕ ಮೂರನ್ನೂ ಇಂದು ರಾತ್ರಿ ದೀಪದ ಕೆಳಗೆ ಹರವಿ ಹೆಸರು, ಜನ್ಮದಿನಾಂಕ ತಾಳೆ ನೋಡಿರಿ. ತಪ್ಪಿದ್ದರೆ ನನ್ನ ಬಳಿ ತನ್ನಿರಿ, ಅರ್ಜಿ ಬರೆದುಕೊಡುತ್ತೇನೆ.