ಬೆಟ್ಟದೊಳಗಿನ ಗಣಿ

ಹಿರಿಯೂರಿನ ಮಾರಿಕಣಿವೆ ಬೆಟ್ಟಗಳಲ್ಲಿ ಕಲ್ಲಿದ್ದಲು ಏಕಿಲ್ಲ? ಇಲ್ಲಿನ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಆಗ ನೆಲದ ಮೇಲೆ ಮರಗಿಡಗಳೇ ಇರಲಿಲ್ಲ. ನಮ್ಮ ದೇಶದ ಬಹುಪಾಲು ಕಲ್ಲಿದ್ದಲು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದಿನ ಕಾಡುಗಳ ಅವಶೇಷ. ಆದರೆ ನಮ್ಮ ಪುರಾತನ ಶಿಲೆಗಳಲ್ಲಿ ತಾಮ್ರವಿದೆ. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಹಿಂದೆ ಅದರ ಗಣಿ ನಡೆದಿತ್ತು.

ಖನಿಜ ಯಾವುದೇ ಇರಲಿ, ಬೆಟ್ಟದಲ್ಲಿ ಗಣಿ ತೆರೆಯುವ ಮುಖ್ಯ ವಿಧಾನಗಳು ಎರಡು. ಬೆಟ್ಟದ ಪಕ್ಕದಿಂದ ಅಡ್ಡಲಾಗಿ ಸುರಂಗ ಕೊರೆಯಬಹುದು. ಇಲ್ಲವೇ ಬಾವಿಯಂತೆ ನೆಟ್ಟಗೆ ಇಳಿಯಬಹುದು. ಸುರಂಗವನ್ನು ಬಾಯಿಯ ಕಡೆಗೆ ತುಸು ಇಳಿಜಾರಾಗಿಸಿದರೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಬಾವಿಯಾದರೆ ಪಂಪು ನಿಲ್ಲುವಂತಿಲ್ಲ. ಕಲ್ಲಿದ್ದಲಿನ ಪದರಗಳಲ್ಲಿ ಬೆಂಕಿ ಹೊತ್ತುವ ಮೀಥೇನ್ ಅನಿಲ ಇರುವುದರಿಂದ ಗಾಳಿಯ ಸಂಚಾರವೂ ನಿಲ್ಲಬಾರದು. ಕಾರ್ಮಿಕರು ಹೊರಬರಲು ಎರಡು ದಾರಿ ಇರಲೇಬೇಕು.

ಇದನ್ನು ಕಡೆಗಣಿಸಿದರೆ? ಮೇಘಾಲಯದ ಇಲಿಬಿಲದಂಥ ಕಲ್ಲಿದ್ದಲು ಗಣಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ಆದರೂ 2018ರ ಡಿಸೆಂಬರ್‌ನಲ್ಲಿ ಜೈಂತಿಯಾ ಬೆಟ್ಟಗಳ ಅಂಥದೊಂದು ಗಣಿಗೆ ನೀರು ನುಗ್ಗಿ ಕನಿಷ್ಠ 15 ಕಾರ್ಮಿಕರು ಸಿಲುಕಿದರು; ಅವರಲ್ಲಿ ಯಾರೂ ಬದುಕಿ ಬರಲಿಲ್ಲ.

ಗಣಿಯ ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದದ್ದು ಖನಿಜವನ್ನಲ್ಲ, ಮನುಷ್ಯ ಹಿಂದಿರುಗುವ ದಾರಿಯನ್ನು.