ಧ್ವನಿಮುದ್ರಣದ ಮನೆ ಬದಲಿಸುವಾಗ

ಟೇಪಿನ ಕಾಲದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಸೆಕೆಂಡಿಗೆ 7½ ಅಂಗುಲ ವೇಗದಲ್ಲಿ ಮುದ್ರಿಸಿದ ಸುರುಳಿಯನ್ನು ಒಂದು ಯಂತ್ರದಿಂದ ತೆಗೆದು, ಅದೇ ವೇಗದ ಬೇರೊಂದು ಕಂಪೆನಿಯ ಯಂತ್ರಕ್ಕೆ ಏರಿಸಿದರೆ ಹಾಡು ಹಾಡಾಗಿಯೇ ಕೇಳುತ್ತಿತ್ತು. ಕಂಠ ತುಸು ಮಂದವಾದೀತು, ಇಲ್ಲವೆ ತುಸು ಹರಿತವಾದೀತು, ಅಷ್ಟೆ. ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ ಕೆಲಸವೂ ಸುರುಳಿಯ ಜೊತೆಯಲ್ಲೇ ಬರುತ್ತಿತ್ತು.

ಈಗ ನಾವು ಹಾಡನ್ನು ಕಂಪ್ಯೂಟರಿನಲ್ಲಿ ಮುದ್ರಿಸುತ್ತೇವೆ. ಅದಕ್ಕೆ ಬೇಕಾದ ತಂತ್ರಾಂಶಕ್ಕೆ ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎಂದು ಉದ್ದನೆಯ ಹೆಸರು. ಪ್ರೊ ಟೂಲ್ಸ್, ಕ್ಯೂಬೇಸ್, ಲಾಜಿಕ್, ರೀಪರ್ ಮೊದಲಾದುವು ಈ ಜಾತಿಯವು. ಇಲ್ಲಿ ಹಾಡು ಎರಡು ಕಡೆ ಹಂಚಿಹೋಗಿರುತ್ತದೆ ಎಂಬುದನ್ನು ನೀವು ಗಮನಿಸಬೇಕು. ಮೈಕಿನಿಂದ ಬಂದ ದನಿ ವೇವ್ ಎಂಬ ಸಾಮಾನ್ಯ ಫೈಲಿನಲ್ಲಿ ಕುಳಿತಿರುತ್ತದೆ. ಅದನ್ನು ಯಾವ ತಂತ್ರಾಂಶವಾದರೂ ಓದೀತು. ಆದರೆ ಆ ದನಿಯ ಮೇಲೆ ನೀವು ಮಾಡಿದ ಕೆಲಸ, ಅಂದರೆ ಎಲ್ಲಿ ಕತ್ತರಿಸಿದಿರಿ, ಪಲ್ಲವಿಯಲ್ಲಿ ಪಿಟೀಲನ್ನು ಎಷ್ಟು ತಗ್ಗಿಸಿದಿರಿ, ಮೃದಂಗದ ತೊಪ್ಪಿಗೆ ಎಷ್ಟು ಮೈ ಕೊಟ್ಟಿರಿ ಎಂಬುದೆಲ್ಲ, ಆ ತಂತ್ರಾಂಶದ ಸ್ವಂತ ಲಿಪಿಯಲ್ಲಿ ಬರೆದಿಟ್ಟ ಬೇರೊಂದು ಫೈಲಿನಲ್ಲಿರುತ್ತದೆ. ಮನೆ ಬದಲಿಸಿದಾಗ ಹಿಂದೆ ಉಳಿದುಬಿಡುವುದು ಇದೇ.

ನಾನೇಕೆ ಬದಲಿಸಲಿ ಎಂದು ನೀವು ಕೇಳಬಹುದು. ಕೆಲವೊಮ್ಮೆ ಬದಲಿಸುವವರು ನಾವಲ್ಲ. ಜರ್ಮನಿಯ ಎಮ್ಯಾಜಿಕ್ ಕಂಪೆನಿಯ ಲಾಜಿಕ್ ತಂತ್ರಾಂಶ ಮೊದಲು ವಿಂಡೋಸ್ ಕಂಪ್ಯೂಟರುಗಳಲ್ಲಿಯೂ ನಡೆಯುತ್ತಿತ್ತು. 2002ರಲ್ಲಿ ಆಪಲ್ ಆ ಕಂಪೆನಿಯನ್ನು ಕೊಂಡಿತು. ಅದೇ ವರ್ಷ ವಿಂಡೋಸ್ ಆವೃತ್ತಿ ನಿಂತಿತು. ಅದರಲ್ಲಿ ಕೆಲಸ ಮಾಡುತ್ತಿದ್ದವರು ಕಂಪ್ಯೂಟರನ್ನಾದರೂ ಬದಲಿಸಬೇಕು, ತಂತ್ರಾಂಶವನ್ನಾದರೂ ಬದಲಿಸಬೇಕು ಎಂದಾಯಿತು. ಅಮೆರಿಕದ ಕೇಕ್‌ವಾಕ್ ಕಂಪೆನಿಯ ಸೋನಾರ್‌ನ ಕಥೆ ಇನ್ನೂ ಸೊಗಸಾದುದು. 2016ರಲ್ಲಿ ಆ ಕಂಪೆನಿ ಜೀವಮಾನವಿಡೀ ಹೊಸ ಆವೃತ್ತಿ ಕೊಡುವುದಾಗಿ ಹೇಳಿ ಹಣ ಪಡೆಯಿತು. 2017ರ ನವೆಂಬರಿನಲ್ಲಿ ಅದರ ಒಡೆತನವಿದ್ದ ಗಿಬ್ಸನ್ ಕಂಪೆನಿ ಸೋನಾರನ್ನು ಬೆಳೆಸುವ ಕೆಲಸವನ್ನೇ ನಿಲ್ಲಿಸಿತು. ಯಾರ ಜೀವಮಾನ ಎಂಬುದನ್ನು ಕೊಂಡವರು ವಿಚಾರಿಸಿರಲಿಲ್ಲವೆಂದು ಕಾಣುತ್ತದೆ! 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಹಂಚಿದ್ದು ಬಳಸುವವರ ಪುಣ್ಯ. ಅಂಥ ಪುಣ್ಯವನ್ನು ನಂಬಿಕೊಂಡು ಧ್ವನಿಮುದ್ರಣ ಮಾಡಲಾದೀತೆ?

ಇನ್ನು ಕೆಲವರು ಬೇರೆ ತಂತ್ರಾಂಶದಲ್ಲಿ ದನಿ ಚೆನ್ನಾಗಿ ಬರುತ್ತದೆಂದು ಕೇಳಿ ಹೊರಡುತ್ತಾರೆ. ಇದನ್ನು ನಂಬಬೇಕಾದುದಿಲ್ಲ. ಒಂದೇ ದನಿಯನ್ನು ಒಂದೇ ಮಟ್ಟದಲ್ಲಿ, ಬೇರಾವ ಸಂಸ್ಕಾರವೂ ಇಲ್ಲದೆ, ಎರಡು ತಂತ್ರಾಂಶಗಳಿಂದ ಹೊರತೆಗೆಯಿರಿ. ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಉಳಿಯುವುದು ಮೌನ. ಎರಡೂ ಮಾಡುವುದು ಕೂಡುವ ಲೆಕ್ಕವನ್ನೇ. ಹಣದ ಅನುಕೂಲ, ಹೊಸ ಕಂಪ್ಯೂಟರು, ಜೊತೆಗಾರರ ಬಳಿ ಇರುವ ತಂತ್ರಾಂಶ, ಇವು ಬದಲಿಸಲು ಸರಿಯಾದ ಕಾರಣಗಳು. ರೀಪರ್‌ನಂಥದನ್ನು 60 ದಿನ ಹಣ ಕೊಡದೆ ಪರೀಕ್ಷಿಸಬಹುದು. ಪರರ ವೀಣೆಯಲ್ಲಿ ಕೈ ಕೂರಲು ಅಷ್ಟು ದಿನ ಬೇಕೇ ಬೇಕು.

ಸರಿ, ಹೊರಡುವುದೆಂದು ನಿಶ್ಚಯಿಸಿದಿರಿ. ಹಳೆಯದು ಇನ್ನೂ ತೆರೆಯುತ್ತಿರುವಾಗಲೇ ಒಂದು ಕೆಲಸ ಆಗಬೇಕು. ಗಾಯನ, ಪಿಟೀಲು, ಮೃದಂಗ, ತಂಬೂರಿ, ಒಂದೊಂದು ಟ್ರ್ಯಾಕನ್ನೂ ಮೊದಲಿನಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಫೈಲಾಗಿ ಹೊರತೆಗೆಯಿರಿ. ಮೃದಂಗ ಅನುಪಲ್ಲವಿಯಲ್ಲಿ ಸೇರಿಕೊಂಡಿದ್ದರೂ ಅದರ ಫೈಲು ಸೊನ್ನೆಯಿಂದಲೇ ಆರಂಭವಾಗಲಿ. ಮುಂದಿನ ಭಾಗವೆಲ್ಲ ಮೌನವಾಗಿರಲಿ. ಹಾಗೆ ಮಾಡಿದರೆ ಹೊಸ ಮನೆಯಲ್ಲಿ ಎಲ್ಲವನ್ನೂ ಒಂದೇ ಗೆರೆಗೆ ನಿಲ್ಲಿಸಿದೊಡನೆ ಹಾಡು ಕೂಡಿಕೊಳ್ಳುತ್ತದೆ. ತುಂಡು ತುಂಡಾಗಿಯೇ ಕೊಂಡೊಯ್ದರೆ ಘಾತಗಳು ತಪ್ಪಿದ ಜಾಗದಲ್ಲಿ ಬಿದ್ದು ತಾಳ ಕೆಡುತ್ತದೆ. ಪಾಶ್ಚಾತ್ಯ ಸಂಗೀತದವರು ಯಂತ್ರದ ಟಿಕ್ ಟಿಕ್ ಸದ್ದಿಗೆ ನುಡಿಸಿದ್ದರೆ ಹೊಸ ತೆರೆಯ ಗೀಟುಗಳನ್ನು ನೋಡಿ ಸರಿಪಡಿಸಿಕೊಂಡಾರು. ನಮ್ಮ ಕಾಲಪ್ರಮಾಣ ವಿದ್ವಾಂಸರ ಕೈಯಲ್ಲಿರುವುದು. ಆ ಗೀಟುಗಳಿಂದ ನಮಗೆ ನೆರವಿಲ್ಲ.

ಪ್ರತಿಯೊಂದು ಟ್ರ್ಯಾಕಿಗೂ ಎರಡು ಪ್ರತಿ ಮಾಡಿರಿ. ಒಂದು ಮೈಕಿನಿಂದ ಬಂದ ಹಾಗೆ. ಇನ್ನೊಂದು ನೀವು ಪ್ರತಿಧ್ವನಿ ಮೊದಲಾದುವನ್ನು ಸೇರಿಸಿದ ಹಾಗೆ. ಏಕೆಂದರೆ ಆ ಸಂಸ್ಕಾರಗಳನ್ನು ಮಾಡುವ ಪ್ಲಗಿನ್ ಎಂಬ ಉಪಕರಣಗಳಿಗೂ ಪಂಗಡಗಳಿವೆ. ಒಂದರಲ್ಲಿ ನಡೆಯುವುದು ಇನ್ನೊಂದರಲ್ಲಿ ನಡೆಯದು. ಸ್ಟೈನ್‌ಬರ್ಗ್ 1996ರಲ್ಲಿ ಹೊರತಂದ ವಿ.ಎಸ್.ಟಿ. ಪದ್ಧತಿಯನ್ನು ಬಹಳ ತಂತ್ರಾಂಶಗಳು ಒಪ್ಪುತ್ತವೆ. ಲಾಜಿಕ್, ಪ್ರೊ ಟೂಲ್ಸ್ ಒಪ್ಪುವುದಿಲ್ಲ. ಕೆಲಸವನ್ನೂ ದಾಟಿಸಬೇಕೆಂದು ಬಿಟ್‌ವಿಗ್, ಪ್ರೆಸೋನಸ್ ಕಂಪೆನಿಗಳು 2023ರಲ್ಲಿ ಡಾ-ಪ್ರಾಜೆಕ್ಟ್ ಎಂಬ ಬಹಿರಂಗ ಪದ್ಧತಿಯೊಂದನ್ನು ಹೊರತಂದುವು. ಒಳ್ಳೆಯ ಯತ್ನ, ಎಲ್ಲರೂ ಅದನ್ನು ಒಪ್ಪಿಲ್ಲ.

ಜಾಗದ ಚಿಂತೆ ಬೇಡ. ಸೆಕೆಂಡಿಗೆ 48,000 ಮಾದರಿ, 24 ಬಿಟ್ ಲೆಕ್ಕದಲ್ಲಿ ಒಂದು ಟ್ರ್ಯಾಕಿನ ಒಂದು ನಿಮಿಷಕ್ಕೆ 8.64 ಮೆಗಾಬೈಟ್. ಆರು ಟ್ರ್ಯಾಕುಗಳ ಒಂದು ಗಂಟೆಯ ಕಛೇರಿ ಸುಮಾರು 3 ಗಿಗಾಬೈಟಿನಲ್ಲಿ ಅಡಗುತ್ತದೆ. ಮನೆಯ ಹಿರಿಯರಿಂದ ಹೇಳಿಸಿ ಮುದ್ರಿಸಿಕೊಂಡ ಸಂಪ್ರದಾಯದ ಹಾಡುಗಳಿದ್ದರೆ ಈ ಕೆಲಸವನ್ನು ನಾಳೆಗೆ ಹಾಕಬೇಡಿ. ತಂತ್ರಾಂಶ ಮತ್ತೆ ಸಿಕ್ಕೀತು. ಹಾಡಿದವರನ್ನು ಮತ್ತೆ ಕೂರಿಸಿ ಹಾಡಿಸುವ ಅವಕಾಶ ಎಲ್ಲರಿಗೂ ಇರುವುದಿಲ್ಲ.

ಈ ಮಾದರಿಯ ಸಂಖ್ಯೆಯನ್ನು ಹಾಡಿನ ಹೆಸರಿನ ಜೊತೆಗೇ ಬರೆದಿಡಿ. ಸೆಕೆಂಡಿಗೆ 44,100ರಂತೆ ಮುದ್ರಿಸಿದುದನ್ನು ಹೊಸ ತಂತ್ರಾಂಶವು ಪರಿವರ್ತಿಸದೆಯೇ 48,000ರಂತೆ ಓಡಿಸಿದರೆ ಹಾಡು ಬೇಗ ಓಡುತ್ತದೆ, ಶ್ರುತಿಯೂ ಏರುತ್ತದೆ. ಒಂದನೆಯ ಮನೆಯಲ್ಲಿ ಹಾಡಿದವರು ಒಂದೂವರೆಗೂ ಎರಡಕ್ಕೂ ನಡುವೆ, ಯಾವ ಹಾರ್ಮೋನಿಯಮ್ಮಿನಲ್ಲಿಯೂ ಇಲ್ಲದ ಶ್ರುತಿಯಲ್ಲಿ ನಿಂತಿರುತ್ತಾರೆ. ಎಲ್ಲ ಟ್ರ್ಯಾಕುಗಳೂ ಒಟ್ಟಿಗೇ ಏರಿರುವುದರಿಂದ ಅಪಸ್ವರವೇನೂ ಕೇಳುವುದಿಲ್ಲ. ಕಂಠದ ಪರಿಚಯವಿದ್ದವರಿಗೆ ಮಾತ್ರ ಏನೋ ಸಾಲದೆನಿಸುತ್ತದೆ.

ಹೊಸ ಮನೆಗೆ ಎಲ್ಲವನ್ನೂ ಇಳಿಸಿಕೊಂಡ ಮೇಲೆ, ಹಳೆಯದರಲ್ಲಿ ಸಿದ್ಧಪಡಿಸಿದ ಪೂರ್ಣ ಹಾಡನ್ನೂ ಪಕ್ಕದ ಒಂದು ಟ್ರ್ಯಾಕಿನಲ್ಲಿ ಇರಿಸಿ, ಎರಡನ್ನೂ ಒಟ್ಟಿಗೆ ಓಡಿಸಿರಿ. ಆರಂಭವನ್ನು ಕೇಳಿ ಸಮಾಧಾನಪಡಬೇಡಿ. ಮೊದಲ ನಿಮಿಷದಲ್ಲಿ ಎಲ್ಲವೂ ಸರಿಯಾಗಿಯೇ ಕಂಡೀತು. ವೇಗದಲ್ಲಿ ಎಳ್ಳಿನಷ್ಟು ವ್ಯತ್ಯಾಸವಿದ್ದರೂ ಅದು ಕೂಡುತ್ತ ಹೋಗಿ ಕೊನೆಯಲ್ಲಿ ಹೊರಬೀಳುತ್ತದೆ. ತನಿ ಆವರ್ತನದ ಕೋರ್ವೆ ಮುಗಿದು ಪಲ್ಲವಿಯನ್ನು ಎತ್ತಿಕೊಳ್ಳುವ ಸ್ಥಳಕ್ಕೆ ಹೋಗಿ ಕೇಳಿ. ಅಲ್ಲಿ ಎರಡು ಮೃದಂಗಗಳ ಘಾತ ಒಂದೇ ಮೃದಂಗದ ಘಾತವಾಗಿ ಕೇಳಿದರೆ ಹಳೆಯ ತಂತ್ರಾಂಶವನ್ನು ಮುಚ್ಚಬಹುದು.